ಹಿತ್ತಲಲ್ಲಿ ತರಕಾರಿ ಬೆಳೆಯಬೇಕು: ಇಬ್ಬರು ಚಿಕ್ಕ ಮಕ್ಕಳು, ಒಂದು ನಾಯಿ, ಒಂದು ಬೆಕ್ಕು

ಹಿತ್ತಲ ಗಿಡ, ಮೈಸೂರು (ಜೂನ್ 2)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಇದೆ. ಕೆಂಪು ಮಣ್ಣು, ಬೆಳಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ಒಳ್ಳೆ ಬಿಸಿಲು. ಮಗಳಿಗೆ 5 ವರ್ಷ. ಮಗನಿಗೆ ಎರಡು ತುಂಬಿ ನಾಲ್ಕು ತಿಂಗಳು. ಜೊತೆಗೆ ಬೀದಿಯಿಂದ ತಂದು ಸಾಕಿದ ಮೂರು ವರ್ಷದ ನಾಯಿ, ಅದಕ್ಕಿಂತ ಮೊದಲೇ ಮನೆಯಲ್ಲಿದ್ದ ಬೆಕ್ಕು.

ಹೋದ ವರ್ಷ ಮೆಂತ್ಯ, ಕೊತ್ತಂಬರಿ ಪಾತಿ ಮಾಡಿದ್ದೆ. ಮೂರನೇ ದಿನಕ್ಕೆ ಬೆಕ್ಕು ಅಲ್ಲೇ ಕಕ್ಕ ಮಾಡಿ ಮುಚ್ಚಿತ್ತು. ನಾಯಿ ಟೊಮೆಟೊ ಸಸಿಯ ಬುಡ ಅಗೆದು ಹಾಕಿತು. ಮಗ ಅದೇ ಪಾತಿಯ ಮಣ್ಣನ್ನು ಬಾಯಿಗೆ ಹಾಕಿಕೊಂಡ. ಅವತ್ತು ಭಯ ಆಗಿ ಹಿಂದಿನ ಬಾಗಿಲು ಹಾಕಿದವಳು ಇನ್ನೂ ತೆಗೆದಿಲ್ಲ. ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ ಅಂತ ಮನೆಯವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಾನು ಅಜ್ಜಿ ಮನೆಯ ಹೀರೆ ಚಪ್ಪರದ ಕೆಳಗೆ ಆಡಿ ಬೆಳೆದವಳು. ನನ್ನ ಮಗಳು ಬೆಂಡೆಕಾಯಿಯನ್ನು ಗಿಡದಲ್ಲಿ ನೋಡಿಯೇ ಇಲ್ಲ.

ಮಳೆ ಶುರುವಾಗುತ್ತಿದೆ. ಈ ನಾಲ್ಕು ಜನರನ್ನೂ ತೋಟದಿಂದ ಹೊರಗಿಡುವುದು ಹೇಗೆ? ಸುತ್ತ ಬೇಲಿ ಹಾಕಿಸಿದರೆ ಸಾಕಾ?

ತಾರಸಿ ತೋಟ, ಬೆಂಗಳೂರು

ಬೇಲಿ ಹಾಕಿಸಿ. ಎರಡೂವರೆ ಅಡಿ ಎತ್ತರದ ಕೋಳಿ ಜಾಲರಿ, ನಾಲ್ಕು ಬಿದಿರು ಗೂಟ, ಒಂದು ಚಿಕ್ಕ ಗೇಟು. ಒಂದು ಭಾನುವಾರದ ಕೆಲಸ. ಜಾಲರಿಯ ತುದಿಯನ್ನು ಅರ್ಧ ಅಡಿ ಮಣ್ಣಿನೊಳಗೆ ಹೂಳಿ, ಇಲ್ಲದಿದ್ದರೆ ನಾಯಿ ಕೆಳಗಿಂದ ನುಗ್ಗುತ್ತದೆ.

ಗದ್ದೆ ಬದು, ಮಂಡ್ಯ

ನಾಯಿಯನ್ನು ಕಟ್ಟಿ ಹಾಕಿ ಮೇಡಂ. ನಮ್ಮ ಕಡೆ ತೋಟದ ನಾಯಿ ಕಟ್ಟಿದ ಜಾಗದಲ್ಲೇ ಇರುತ್ತದೆ. ಇಷ್ಟು ಯೋಚನೆ ಯಾಕೆ?

ಕೆಮ್ಮಣ್ಣು, ಶಿರಸಿ

ಕಟ್ಟಿ ಹಾಕಿದ ನಾಯಿ ಬೇಸರಕ್ಕೆ ಜಾಸ್ತಿ ಅಗೆಯುತ್ತದೆ. ಬಿಚ್ಚಿದ ಮೊದಲ ಐದು ನಿಮಿಷದಲ್ಲಿ ಹಾಳು ಮಾಡುವುದು ಅದೇ ನಾಯಿ. ದಯವಿಟ್ಟು ಅದೊಂದು ಬೇಡ.

ತಂಗೀ, ನಿನ್ನ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸು. ಹೊರಗಿಡುವುದು ಹೇಗೆ ಅಂತ ಕೇಳಬೇಡ. ಅವರು ಎಲ್ಲಿ ಓಡಾಡುತ್ತಾರೆ ಅಂತ ಮೊದಲು ನೋಡು. ನಾನು ಮೂರು ಮಕ್ಕಳು, ಎರಡು ನಾಯಿ, ಒಂದು ಕರುವಿನ ಜೊತೆ ಹಿತ್ತಲು ಮಾಡಿದವಳು. ಬಾಗಿಲು ತೆಗೆದು ನಾಲ್ಕು ದಿನ ಸುಮ್ನೆ ಬಿಡು. ಒಂದು ಬೀಜವನ್ನೂ ಹಾಕಬೇಡ. ಮಗಳ ಕೈಗೆ ರಂಗೋಲಿ ಪುಡಿ ಕೊಡು. ನಾಯಿ ಓಡಿದ ದಾರಿ, ಮಲಗಿದ ಜಾಗ, ಬೆಕ್ಕು ಕೆರೆದ ಮೂಲೆ, ತಮ್ಮ ಕೂತು ಆಡಿದ ಜಾಗಕ್ಕೆಲ್ಲ ಗೆರೆ ಎಳೆಯಲಿ. ನಾಯಿ ಹೆಚ್ಚಾಗಿ ಕಾಂಪೌಂಡ್ ಪಕ್ಕದಲ್ಲೇ ಓಡುತ್ತದೆ, ಬೀದಿಯ ಸದ್ದು ಕೇಳುವುದು ಅಲ್ಲೇ ಅಲ್ವಾ. ಆ ಒಂದೂವರೆ ಅಡಿ ದಾರಿಯನ್ನು ಅದಕ್ಕೇ ಬಿಟ್ಟುಬಿಡು. ನಾವು ಗೋಡೆ ಪಕ್ಕದಲ್ಲೇ ಸಸಿ ನೆಡುತ್ತೇವೆ, ಆಮೇಲೆ ನಾಯಿಯನ್ನು ಬೈಯುತ್ತೇವೆ. ಉಳಿದ ಜಾಗದಲ್ಲಿ ಮಡಿ ಮಾಡು. ಮೂರು ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಮಗುವಿನ ಕೈ ನಡುವಿಗೆ ಮುಟ್ಟಬೇಕು, ಆಗ ಮಡಿ ತುಳಿಯುವುದು ತಾನಾಗಿ ಕಡಿಮೆಯಾಗುತ್ತದೆ.

ನಾಯಿಗೂ ಅಗೆಯಲು ಒಂದು ಗುಂಡಿ ಬೇಕು. ನೆರಳಿನಲ್ಲಿ ಮೂರು ಅಡಿ ಜಾಗಕ್ಕೆ ಮರಳು, ಸಡಿಲ ಮಣ್ಣು ತುಂಬಿ, ಅದರ ಇಷ್ಟದ ಆಟಿಕೆಯನ್ನು ಅದರ ಕಣ್ಣೆದುರೇ ಹೂಳು. ಬೇಸಿಗೆಯಲ್ಲಿ ನಾಯಿ ಅಗೆಯುವುದು ತಂಪಿಗೆ. ಗುಂಡಿಗೆ ದಿನಾ ಒಂದು ಚೊಂಬು ನೀರು ಚಿಮುಕಿಸಿದರೆ ಮಡಿಯ ಕಡೆ ಹೋಗುವುದು ಬಹಳ ಕಡಿಮೆಯಾಗುತ್ತದೆ.

ಹಿತ್ತಲ ಗಿಡ, ಮೈಸೂರು

ಅಕ್ಕಾ, ಈ ಥರ ಯೋಚನೆಯೇ ಬಂದಿರಲಿಲ್ಲ. ರಂಗೋಲಿ ಪುಡಿ ಅಂದ ಕೂಡಲೇ ಮಗಳು ಡಬ್ಬಿ ಹಿಡಿದು ನಿಂತಿದ್ದಾಳೆ. ಬೆಕ್ಕಿಗೆ ಏನು ಮಾಡಲಿ?

ಮಡಲು, ಪುತ್ತೂರು

ಬೆಕ್ಕಿಗೆ ಬೇಕಾದ್ದು ಒಣಗಿದ, ಸಡಿಲ ಮಣ್ಣು. ಹೊಸದಾಗಿ ಬೀಜ ಹಾಕಿದ ಪಾತಿ ಸರಿಯಾಗಿ ಹಾಗೆಯೇ ಇರುತ್ತದೆ. ನಾವು ಬೀಜ ಹಾಕಿ ನೀರು ಕೊಟ್ಟ ಕೂಡಲೇ ಮೇಲೆ ತೆಂಗಿನ ಮಡಲು ಅಡ್ಡಡ್ಡ ಹಾಸುತ್ತೇವೆ. ನಿಮ್ಮಲ್ಲಿ ಸಿಗದಿದ್ದರೆ ಕೋಳಿ ಜಾಲರಿಯನ್ನು ನೆಲಕ್ಕೆ ಮಲಗಿಸಿ ನಾಲ್ಕು ಕಲ್ಲು ಇಡಿ. ಮೊಳಕೆ ಅದರ ಕಣ್ಣಿನೊಳಗಿಂದಲೇ ಮೇಲೆ ಬರುತ್ತದೆ. ಸಸಿ ಗೇಣುದ್ದ ಆಗುವ ಹೊತ್ತಿಗೆ ಬೆಕ್ಕಿಗೆ ಆ ಜಾಗ ಬೇಡವಾಗಿರುತ್ತದೆ. ದೂರದ ಒಂದು ಮೂಲೆಯಲ್ಲಿ ಒಣ ಮರಳಿನ ತಟ್ಟೆ ಇಡಿ, ಮಳೆ ಬೀಳದ ಹಾಗೆ ಮೇಲೊಂದು ಶೀಟು.

ಹರಿವೆ ಬೀಜ ತುಂಬಾ ಸಣ್ಣದು. ಒಂದು ಚಮಚ ಬೀಜಕ್ಕೆ ಒಂದು ಹಿಡಿ ರವೆ ಸೇರಿಸಿ ಮಕ್ಕಳ ಕೈಯಲ್ಲಿ ಉದುರಿಸಿ. ಬೀಜ ಸಮನಾಗಿ ಬೀಳುತ್ತದೆ. ಇರುವೆಗಳು ರವೆ ಹೊತ್ತುಕೊಂಡು ಹೋಗುತ್ತವೆ, ಬೀಜ ಉಳಿಯುತ್ತದೆ. ನಮ್ಮ ಅಮ್ಮ ಹೀಗೇ ಮಾಡುತ್ತಿದ್ದರು, ಈಗ ನನ್ನ ಮಗಳು ಮಾಡುತ್ತಾಳೆ.

ಬೀಜದ ಬುಟ್ಟಿ, ತುಮಕೂರು

ಗೊಬ್ಬರದ ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕಷ್ಟ ಆಗುತ್ತದೆ, ಆದರೂ ಬರೆಯಬೇಕು.

ಎರಡು ವರ್ಷದ ಹಿಂದೆ ಅಂಗಡಿಯಿಂದ ಹಿಂಡಿ ಗೊಬ್ಬರ ತಂದೆ. ಬೇವಿನ ಹಿಂಡಿ ಕೇಳಿದ್ದೆ. ಅವರು ಎರಡು ಮೂರು ಥರದ ಹಿಂಡಿ ಬೆರೆಸಿದ ಚೀಲ ಕೊಟ್ಟರು. ಅದರಲ್ಲಿ ಹರಳು ಹಿಂಡಿ ಇತ್ತು. ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಚೀಲವನ್ನು ಹಿತ್ತಲ ಬಾಗಿಲ ಹತ್ತಿರ ಇಟ್ಟಿದ್ದೆ. ನಮ್ಮ ನಾಯಿ ರಾತ್ರಿ ಚೀಲ ಹರಿದು ತಿಂದಿತು. ಬೆಳಗ್ಗೆ ಚೆನ್ನಾಗಿಯೇ ಇತ್ತು. ಸಂಜೆ ವಾಂತಿ ಶುರುವಾಯಿತು, ಮಾರನೇ ದಿನ ರಕ್ತ ಭೇದಿ. ಡ್ರಿಪ್ ಹಾಕಿಸಿದೆವು. ನಾಲ್ಕನೇ ದಿನ ಉಳಿಯಲಿಲ್ಲ. ನನ್ನ ಮಗ ಆಗ ಆರು ವರ್ಷದವನು, ಅವನಿಗೆ ಹೇಳುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ.

ಹಿಂಡಿ ತರುವಾಗ ಹರಳು ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ಇದ್ದರೆ ತರಬೇಡಿ.

ದನದ ಡಾಕ್ಟ್ರು, ಧಾರವಾಡ

ಮೇಲಿನ ಮಾತು ಓದಿ ಬಹಳ ಸಂಕಟ ಆಯ್ತು. ನಾನು ಪಶುವೈದ್ಯ. ನಮ್ಮ ಕಡೆ ಇದಕ್ಕೆ ಔಡಲ ಹಿಂಡಿ ಅಂತೀವಿ. ಔಡಲ ಬೀಜದಲ್ಲಿ ರೈಸಿನ್ ಎಂಬ ವಿಷ ಇರುತ್ತದೆ. ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿಯ ವಾಸನೆ ನಾಯಿಗೆ ಬಹಳ ಹಿಡಿಸುತ್ತದೆ. ತಿಂದ ಕೂಡಲೇ ಏನೂ ಕಾಣುವುದಿಲ್ಲ, ಕೆಲವು ಗಂಟೆಯಿಂದ ಒಂದು ದಿನ ಕಳೆದ ಮೇಲೆ ವಾಂತಿ ಶುರುವಾಗುತ್ತದೆ. ತಿಂದಿದ್ದು ಗೊತ್ತಾದ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ, ಚೀಲವನ್ನೂ ಒಯ್ಯಿರಿ. ಮೂಳೆ ಪುಡಿ ಹಾಕಿದ ಗಿಡವನ್ನೂ ನಾಯಿ ಅಗೆಯದೆ ಬಿಡುವುದಿಲ್ಲ. ನಾಯಿ ಇರುವ ಮನೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಸಾಕು. ಸಗಣಿ, ಗಂಜಲ, ಬೆಲ್ಲ ಕಲಸಿ ಜೀವಾಮೃತ ಮಾಡುವವರೂ ಡ್ರಮ್ಮಿಗೆ ಮುಚ್ಚಳ ಹಾಕಿರಿ. ಬೆಲ್ಲದ ವಾಸನೆಗೆ ನಾಯಿ ಬಾಯಿ ಹಾಕುತ್ತದೆ. ಅದಕ್ಕಿಂತ ದೊಡ್ಡದು, ಎರಡು ವರ್ಷದ ಕೂಸು ಗೇಣು ನೀರಿನಲ್ಲೂ ಮುಳುಗಬಹುದು. ತೋಟದ ಬಕೆಟ್ಟು ಕೆಲಸ ಮುಗಿದ ಕೂಡಲೇ ಬೋರಲು ಇರಬೇಕು.

ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕು ಎರಡಕ್ಕೂ ಆಗದು. ಕೆಂಪು ರಕ್ತಕಣ ಒಡೆಯುತ್ತವೆ, ಬೆಕ್ಕಿಗೆ ಇನ್ನೂ ಬೇಗ. ಅವನ್ನು ನೆಡುವುದಾದರೆ ಎತ್ತರದ ಕುಂಡದಲ್ಲಿ ನೆಡಿರಿ. ಟೊಮೆಟೊ ಹಣ್ಣು ಪರವಾಗಿಲ್ಲ, ಎಲೆ ಮತ್ತು ಹಸಿ ಕಾಯಿ ತಿನ್ನಲು ಬಿಡಬೇಡಿ. ಬೆಂಡೆ, ಬೀನ್ಸ್, ಹರಿವೆ, ಬಸಳೆ, ಸೌತೆ, ಕುಂಬಳದಿಂದ ತೊಂದರೆ ಇಲ್ಲ.

ಈಗ ಕಕ್ಕದ ವಿಷಯ. ನಾಯಿಯ ದುಂಡುಹುಳದ ಮೊಟ್ಟೆ ಮಲದಲ್ಲಿ ಬಿದ್ದ ಕೂಡಲೇ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡು ವಾರವಾದರೂ ಕಳೆದ ಮೇಲೆ ಅದಕ್ಕೆ ಆ ಶಕ್ತಿ ಬರುತ್ತದೆ. ಬೆಕ್ಕಿನಿಂದ ಬರುವ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿಗೆ ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನಾ ಎತ್ತಿ ಹಾಕಿದರೆ ಮುಕ್ಕಾಲು ಪಾಲು ಭಯ ಅಲ್ಲೇ ಮುಗಿಯುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಇಲಿಜ್ವರದ ಲಸಿಕೆ ತಪ್ಪಬಾರದು.

ತಾಯಿ, ಇನ್ನೊಂದು ಮಾತು. ಕೂಸು ಒಮ್ಮೆ ಮಣ್ಣು ತಿಂದರೆ ಅದು ಕೂಸಿನ ಆಟ. ದಿನಾ ಹುಡುಕಿಕೊಂಡು ಹೋಗಿ ತಿಂದರೆ ಮಕ್ಕಳ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿರಿ. ಕಬ್ಬಿಣದ ಅಂಶ ಕಡಿಮೆಯಾದರೆ ಮಕ್ಕಳು ಮಣ್ಣು ತಿನ್ನುವುದುಂಟು.

ತಾರಸಿ ತೋಟ, ಬೆಂಗಳೂರು

ಡಾಕ್ಟ್ರೇ, ನನ್ನ ತಂಗಿ ಗರ್ಭಿಣಿ. ಮನೆಯಲ್ಲಿ ಬೆಕ್ಕು ಇದೆ, ಈ ಟಾಕ್ಸೊಪ್ಲಾಸ್ಮಾ ಭಯಕ್ಕೆ ಅದನ್ನು ಕಳಿಸಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ದನದ ಡಾಕ್ಟ್ರು, ಧಾರವಾಡ

ಕಳಿಸುವುದು ಬೇಡ್ರಿ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಮಾತ್ರ, ಎರಡು ಮೂರು ವಾರ ಆ ರೋಗಾಣುವನ್ನು ಮಲದಲ್ಲಿ ಬಿಡುತ್ತದೆ. ತಂಗಿಯವರು ಬೆಕ್ಕಿನ ತಟ್ಟೆ ಮುಟ್ಟುವುದು ಬೇಡ, ಮನೆಯ ಬೇರೆ ಯಾರಾದರೂ ದಿನಾ ಸ್ವಚ್ಛ ಮಾಡಲಿ. ಮಣ್ಣಿನ ಕೆಲಸಕ್ಕೆ ಗ್ಲೌಸ್ ಹಾಕಲಿ, ಸೊಪ್ಪು ಚೆನ್ನಾಗಿ ತೊಳೆಯಲಿ, ಮಾಂಸ ತಿನ್ನುವವರಾದರೆ ಪೂರ್ತಿ ಬೇಯಿಸಿ ತಿನ್ನಲಿ. ಅವರ ಹೆರಿಗೆ ಡಾಕ್ಟರಿಗೂ ಒಂದು ಮಾತು ಹೇಳಿಡಲಿ.

ಕೆಮ್ಮಣ್ಣು, ಶಿರಸಿ

ಬೀಜದ ಬುಟ್ಟಿಯವರೇ, ನಿಮ್ಮ ನಾಯಿಯ ಮಾತು ಓದಿ ಎದ್ದು ಹೋಗಿ ನಮ್ಮ ಚೀಲ ನೋಡಿ ಬಂದೆ. ಬರೆದಿದ್ದು ಒಳ್ಳೆಯದಾಯಿತು.

ಬೀಜದ ಬಗ್ಗೆಯೂ ಒಂದು ಎಚ್ಚರ. ಪ್ಯಾಕೆಟ್ ಬೀಜ ಗುಲಾಬಿ, ಕೆಂಪು, ನೀಲಿ ಬಣ್ಣದಲ್ಲಿದ್ದರೆ ಅದಕ್ಕೆ ಥೈರಾಮ್‌ನಂತಹ ಶಿಲೀಂಧ್ರ ಔಷಧಿ ಹಚ್ಚಿರುತ್ತಾರೆ. ಮಕ್ಕಳಿಗೆ ಅದು ಜೀರಿಗೆ ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ. ಅಂಥದ್ದನ್ನು ಮಕ್ಕಳ ಕೈಗೆ ಕೊಡಬೇಡಿ. ಅಕ್ಕಪಕ್ಕದ ಮನೆಯವರು ಇಟ್ಟುಕೊಂಡ ನಾಟಿ ಬೀಜ ಕೇಳಿ, ಕೊಡುತ್ತಾರೆ.

ಮಡಲು, ಪುತ್ತೂರು

ಮಳೆ ಹಿಡಿದರೆ ಆಫ್ರಿಕನ್ ಬಸವನಹುಳು ಬರುತ್ತದೆ. ಅದಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ಘೋರ ವಿಷ, ನಾಯಿಗೆ ರುಚಿಸುವಂಥದ್ದೂ ಹೌದು. ಮಕ್ಕಳಿರುವ ಅಂಗಳಕ್ಕೆ ಅದು ಬರಲೇಬಾರದು. ಸಂಜೆ ಒದ್ದೆ ಗೋಣಿ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಡಿ. ಬೆಳಗ್ಗೆ ಗೋಣಿ ಎತ್ತಿದರೆ ಎಲ್ಲ ಅಲ್ಲೇ ಇರುತ್ತವೆ. ಗ್ಲೌಸ್ ಹಾಕಿ ಹೆಕ್ಕಿ ಉಪ್ಪು ನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೆ ಆಡಲು ಕೊಡಬೇಡಿ. ಮಿದುಳಿಗೆ ಹೋಗುವ ಒಂದು ಹುಳ ಆ ಬಸವನಹುಳುವಿನಲ್ಲಿ ಇರಬಹುದು. ಇಲಿ ಪಾಷಾಣವೂ ಬೇಡ. ಬೋನು ಇಡಿ.

ಹಾವಿನ ಬಗ್ಗೆ ಕೆಮ್ಮಣ್ಣಕ್ಕ ಹೇಳಲಿ, ಅವರ ಕಡೆ ನಮಗಿಂತ ಜಾಸ್ತಿ.

ಕೆಮ್ಮಣ್ಣು, ಶಿರಸಿ

ಹಾವು ಬರುವುದು ಇಲಿಗೆ, ಕಪ್ಪೆಗೆ, ಅಡಗಲು ಜಾಗಕ್ಕೆ. ಕಟ್ಟಿಗೆ ರಾಶಿ, ಒಡೆದ ಹೆಂಚು, ಇಟ್ಟಿಗೆ ಗುಡ್ಡೆ ಹಿತ್ತಲಲ್ಲಿ ಬೇಡ. ಅಡುಗೆ ಮನೆ ಕಸದ ಗೊಬ್ಬರಕ್ಕೆ ಮುಚ್ಚಳದ ಡಬ್ಬಿ ಇರಲಿ, ಬೆಂದ ಅನ್ನ ಹಾಕಬೇಡಿ. ಒಣ ಎಲೆ ಹೊದಿಕೆ ಎರಡು ಇಂಚು ಸಾಕು. ಬಸಳೆ, ಕುಂಬಳದ ಬಳ್ಳಿಯನ್ನು ನೆಲದ ಮೇಲೆ ಬಿಡದೆ ಚಪ್ಪರಕ್ಕೆ ಹತ್ತಿಸಿದರೆ ಕೆಳಗೆ ಏನಿದೆ ಎಂದು ಕಾಣುತ್ತದೆ. ಮಕ್ಕಳು ಎಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು. ನಮ್ಮ ಮಕ್ಕಳಿಗೆ ನಾನು ಅ ಆ ಕಲಿಸುವ ಮೊದಲು ಕಲಿಸಿದ್ದು ಅದನ್ನೇ. ಕತ್ತಲಾದ ಮೇಲೆ ಹಿತ್ತಲಿಗೆ ಟಾರ್ಚ್ ಇಲ್ಲದೆ ಹೋಗುವುದಿಲ್ಲ. ನಾಯಿ ಒಂದೇ ಜಾಗಕ್ಕೆ ಮುಖ ಮಾಡಿ ಬೊಗಳುತ್ತಿದ್ದರೆ ಮೊದಲು ಮಕ್ಕಳನ್ನು ಒಳಗೆ ಕರೆಯಿರಿ.

ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಎಳೆಯುವುದು ಯಾವುದೂ ಬೇಡ. ಆ ಕೈ ಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ. ಕಟ್ಟು ಹಾವು ಕಚ್ಚಿದರೆ ನೋವು, ಊತ ಇಲ್ಲದೆಯೂ ವಿಷ ಏರುತ್ತಿರುತ್ತದೆ. ನೋವಿಲ್ಲ ಅಂತ ಕಾಯಬಾರದು.

ಹಿತ್ತಲಲ್ಲಿ ಈಗಾಗಲೇ ಇರುವ ಗಿಡಗಳನ್ನೂ ನೋಡು ತಂಗೀ. ಕಣಗಿಲೆ, ಉಮ್ಮತ್ತಿ, ಹರಳು, ಕಾಡು ಹರಳು, ಗುಲಗಂಜಿ ಬಳ್ಳಿ ಇದ್ದರೆ ಮಕ್ಕಳ ಕೈಗೆ ಸಿಗುವ ಮೊದಲೇ ತೆಗೆಸು. ಕೆಸು ಇರಲಿ, ಪತ್ರೊಡೆಗೆ ಬೇಕು. ಆದರೆ ಹಸಿ ಎಲೆ ಬಾಯಿಗೆ ಹೋದರೆ ನಾಲಿಗೆ ತುರಿಸಿ ಊದುತ್ತದೆ, ಚಿಕ್ಕವನ ಕೈಗೆ ಸಿಗಬಾರದು.

ದೂರದೂರು, ನ್ಯೂಜೆರ್ಸಿ

ಇಲ್ಲಿಂದ ಒಂದು ಸಣ್ಣ ಮಾತು. ನಾವು ಮನೆ ಕೊಂಡಾಗ ಗೋಡೆ ಪಕ್ಕದಲ್ಲೇ ಮೆಂತ್ಯ ಹಾಕಲು ಹೊರಟಿದ್ದೆ. ಪಕ್ಕದ ಮನೆಯವರು ಮೊದಲು ಮಣ್ಣು ಪರೀಕ್ಷೆ ಮಾಡಿಸು ಅಂದರು. ಅಮೆರಿಕದಲ್ಲಿ ಮನೆಗೆ ಹಚ್ಚುವ ಸೀಸದ ಬಣ್ಣ ನಿಷೇಧವಾಗಿದ್ದು 1978ರಲ್ಲಿ. ಅದಕ್ಕಿಂತ ಹಳೆ ಮನೆಯ ಗೋಡೆಯಿಂದ ಉದುರಿದ ಬಣ್ಣ ಮಣ್ಣಿನಲ್ಲೇ ಇರುತ್ತದೆ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ಕೆಟ್ಟದ್ದು. ನಮ್ಮ ಊರಲ್ಲೂ ಹಳೆ ಬಣ್ಣ ಕೆರೆದ ಗೋಡೆಯ ಬುಡದಲ್ಲಿ ಸೊಪ್ಪು ಹಾಕಬೇಡಿ, ಹಳೆ ಪೇಂಟ್ ಡಬ್ಬಿಯಲ್ಲಿ ಗಿಡ ಬೆಳೆಸಬೇಡಿ.

ಬೀಜದ ಬುಟ್ಟಿ, ತುಮಕೂರು

ಮಕ್ಕಳಿಗೆ ಏನು ಕೊಡಬೇಕು ಅಂತ ಕೇಳಿದರೆ, ಬೇಗ ಕಾಣುವುದನ್ನು ಕೊಡಿ. ಐದು ವರ್ಷದ ಮಗುವಿಗೆ ಮೂರು ತಿಂಗಳು ಅಂದರೆ ಮುಗಿಯದ ಕಾಲ. ಮೆಂತ್ಯ ಮೂರನೇ ದಿನಕ್ಕೆ ಮೊಳೆಯುತ್ತದೆ, 25 ದಿನಕ್ಕೆ ಸಾರಿಗೆ ಬರುತ್ತದೆ. ಹರಿವೆ ಒಂದು ತಿಂಗಳು, ಮೂಲಂಗಿ 45 ದಿನ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಹಾಕಿದರೆ 50 ದಿನದ ಆಸುಪಾಸಿನಲ್ಲಿ ಮೊದಲ ಕಾಯಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ನಂಜುರೋಗ ತಡೆಯಲೆಂದು ರೂಪಿಸಿದ ಬೆಂಡೆ ತಳಿ. ಅವರದೇ ಅರ್ಕಾ ಸುಗುಣ ಹರಿವೆಯನ್ನು ಕೊಯ್ದಷ್ಟೂ ಮತ್ತೆ ಚಿಗುರುತ್ತದೆ.

ಮೆಣಸಿನ ಗಿಡ ಮಕ್ಕಳ ಸಾಲಿನಲ್ಲಿ ಬೇಡ. ಮುಟ್ಟಿದ ಕೈ ಕಣ್ಣಿಗೆ ಹೋಗುತ್ತದೆ. ಬೆಳ್ಳುಳ್ಳಿ ಮೆಣಸಿನ ಕಷಾಯ ಹೊಡೆಯುವುದೂ ಬೇಡ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು. ಸಂಜೆ ಮಕ್ಕಳು ಒಳಗೆ ಹೋದ ಮೇಲೆ ಸಿಂಪಡಿಸಿ.

ಗದ್ದೆ ಬದು, ಮಂಡ್ಯ

ನಾಯಿ ಕಟ್ಟಿ ಹಾಕಿ ಅಂತ ಮೊದಲು ಬರೆದವನು ನಾನೇ. ನಮ್ಮದು ಎರಡು ಎಕರೆ, ಅಲ್ಲಿನ ಲೆಕ್ಕ ಬೇರೆ. ಇಷ್ಟೆಲ್ಲ ಓದಿದ ಮೇಲೆ ನಮ್ಮ ನಾಯಿಯನ್ನೂ ಬೆಳಗ್ಗೆ ಎರಡು ಗಂಟೆ ಬಿಚ್ಚಿ ಬಿಡುತ್ತಿದ್ದೇನೆ.

ಹಿತ್ತಲ ಗಿಡ, ಮೈಸೂರು (ಆಗಸ್ಟ್ 17)

ಎಲ್ಲರಿಗೂ ಸುದ್ದಿ ಹೇಳಬೇಕು ಅಂತ ಎಷ್ಟು ದಿನದಿಂದ ಕಾಯುತ್ತಿದ್ದೆ.

ರಂಗೋಲಿ ಗೆರೆ ನಾಲ್ಕು ದಿನ ಹಾಕಿದೆವು. ಕೆಮ್ಮಣ್ಣಕ್ಕ ಹೇಳಿದ್ದು ಅಕ್ಷರಶಃ ಸರಿ. ನಾಯಿ ಓಡುವುದು ಪೂರ್ವದ ಕಾಂಪೌಂಡ್ ಪಕ್ಕ, ಮಲಗುವುದು ನಲ್ಲಿ ಹತ್ತಿರದ ತಂಪಿನಲ್ಲಿ. ಹೋದ ವರ್ಷ ನಾನು ಟೊಮೆಟೊ ನೆಟ್ಟಿದ್ದು ಸರಿಯಾಗಿ ಅದು ಮಲಗುವ ಜಾಗದಲ್ಲೇ! ಮಗಳು ಅದನ್ನು ನೋಡಿ, ಅಮ್ಮ ನೀನೇ ಅದರ ಹಾಸಿಗೆ ಮೇಲೆ ಗಿಡ ಇಟ್ಟೆ ಅಂದಳು.

ಈಗ ನಲ್ಲಿ ಹತ್ತಿರ ಅದಕ್ಕೆ ಮರಳು ಗುಂಡಿ. ಕಾಂಪೌಂಡ್ ದಾರಿ ಖಾಲಿ ಬಿಟ್ಟಿದ್ದೇವೆ. ನಡುವೆ ಮೂರು ಅಡಿ ಅಗಲದ ಎರಡು ಮಡಿ, ಪಶ್ಚಿಮದ ಗೋಡೆಗೆ ಹೀರೆ ಚಪ್ಪರ. ಸುತ್ತ ಬೇಲಿ ಹಾಕಿಲ್ಲ. ಬೀಜ ಹಾಕಿದ ಮೊದಲ ಮೂರು ವಾರ ಮಾತ್ರ ಕೋಳಿ ಜಾಲರಿ ಮಲಗಿಸಿದ್ದೆವು.

ಎಲ್ಲ ಸರಿಹೋಯಿತು ಅಂತಲ್ಲ. ಮೊದಲ ಮೆಂತ್ಯವನ್ನು ಮಗ ಮೊಳಕೆಯಲ್ಲೇ ಕಿತ್ತ. ಅವನಿಗೆ ಕೀಳುವುದೇ ಇಷ್ಟ ಅಂತ ಗೊತ್ತಾಯಿತು. ಈಗ ಅವನಿಗೆ ಒಂದು ಟಬ್ಬಿನಲ್ಲಿ ದಟ್ಟವಾಗಿ ಹರಿವೆ ಹಾಕಿಕೊಟ್ಟಿದ್ದೇನೆ. ಅವನು ಕಿತ್ತಷ್ಟೂ ಪೈರು ತೆಳುವಾಗುತ್ತದೆ, ಕಿತ್ತಿದ್ದು ಬಸ್ಸಾರಿಗೆ ಆಗುತ್ತದೆ. ಬೆಕ್ಕು ಒಂದು ಮೂಲೆಯನ್ನು ಇನ್ನೂ ಬಿಟ್ಟಿಲ್ಲ. ಆ ಮೂಲೆಯನ್ನು ನಾವೇ ಅದಕ್ಕೆ ಬಿಟ್ಟೆವು. ದಿನಾ ಬೆಳಗ್ಗೆ ನಾಯಿಯದೂ ಬೆಕ್ಕಿನದೂ ಎತ್ತುವ ಕೆಲಸ ನಮ್ಮ ಮನೆಯವರದು. ಈಗ ಅವರೇ ಬೇಗ ಎದ್ದು ಹೀರೆ ಹೂ ಎಣಿಸಿ ಬರುತ್ತಾರೆ.

ಡಾಕ್ಟರ ಮಾತಿನಂತೆ ಮಗನ ರಕ್ತ ಪರೀಕ್ಷೆ ಮಾಡಿಸಿದೆ. ಕಬ್ಬಿಣದ ಅಂಶ ಕಡಿಮೆ ಇತ್ತು. ಮಕ್ಕಳ ಡಾಕ್ಟರು ಸಿರಪ್ ಕೊಟ್ಟಿದ್ದಾರೆ. ಮಣ್ಣು ತಿನ್ನುವುದು ತುಂಬಾ ಕಡಿಮೆಯಾಗಿದೆ. ನೀವು ಹೇಳದಿದ್ದರೆ ನಾನು ಬೈಯುತ್ತಲೇ ಇರುತ್ತಿದ್ದೆ ಸರ್. ನಿಮ್ಮ ಋಣ ದೊಡ್ಡದು.

ಬೆಂಡೆ ಮೊದಲ ಕೊಯ್ಲು ಜುಲೈ 30ಕ್ಕೆ, ಒಂಬತ್ತು ಕಾಯಿ. ಮಗಳು ತೊಟ್ಟಿನ ಚೂರುಗಳನ್ನು ಹಣೆಗೆ, ಕೆನ್ನೆಗೆ, ತಮ್ಮನ ಮೂಗಿಗೆ ಅಂಟಿಸಿದಳು. ನಾನು ಅದನ್ನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ನನ್ನ ಅಜ್ಜಿ ನನಗೆ ಹಾಗೇ ಅಂಟಿಸುತ್ತಿದ್ದರು. ಉಳಿದ ಎಳೆ ಕಾಯಿಯನ್ನು ಇಬ್ಬರೂ ಹಸಿಯಾಗಿಯೇ ತಿಂದು ಮುಗಿಸಿದರು. ಪಲ್ಯಕ್ಕೆ ಒಂದೂ ಉಳಿಯಲಿಲ್ಲ.

ಈಗ ಒಂದು ಪ್ರಶ್ನೆ. ಮಗಳಿಗೆ ಅವರೆಕಾಯಿ ಬೇಕಂತೆ. ಈಗ ಹಾಕಬಹುದಾ?

ಬೀಜದ ಬುಟ್ಟಿ, ತುಮಕೂರು

ಇದೇ ವಾರ ಹಾಕಿ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುವುದು. ಈಗ ಹಾಕಿದರೆ ಡಿಸೆಂಬರ್, ಜನವರಿಯ ಚಳಿಗೆ ಸೊಗಡಿನ ಕಾಯಿ ಸಿಗುತ್ತದೆ. ಬೇಗ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಹಾಕಿ, ಅದಕ್ಕೆ ಕಾಲದ ಹಂಗಿಲ್ಲ. ಎರಡು ಗುಣಿ ಅದು, ಎರಡು ಗುಣಿ ನಾಟಿ ಇರಲಿ. ಒಂದು ಮಾತು ನೆನಪಿಡಿ, ಬೆಂಡೆಯ ಹಾಗೆ ಅವರೆಯನ್ನು ಹಸಿಯಾಗಿ ತಿನ್ನಲು ಬಿಡಬೇಡಿ. ಬಲಿತ ಕಾಳಿನಲ್ಲಿ ಹಸಿಯಿದ್ದಾಗ ವಿಷದ ಅಂಶ ಇರುತ್ತದೆ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ನನ್ನ ಹತ್ತಿರ ನಾಟಿ ಬೀಜ ಇದೆ, ಬಣ್ಣ ಹಚ್ಚಿಲ್ಲದ್ದು. ಮಗಳ ಹೆಸರಿಗೆ ಒಂದು ಹಿಡಿ ಕಳಿಸುತ್ತೇನೆ. ನಮ್ಮ ಮನೆಗೂ ಹೋದ ತಿಂಗಳು ಒಂದು ನಾಯಿಮರಿ ಬಂದಿದೆ. ಮಗನೇ ರಂಗೋಲಿ ಡಬ್ಬಿ ಹಿಡಿದು ಅದರ ಹಿಂದೆ ಓಡಾಡುತ್ತಿದ್ದಾನೆ.